ಗಾಳಿಯನ್ನು ಕಟ್ಟಿದ ಸುಗ್ಗಿ

ಆಗೆಲ್ಲ ನಮ್ಮ ಕಡೆ ಸುಗ್ಗಿಯೆಂದರೆ ಗಾಳಿಯದೇ ಕಾರುಬಾರು. ಎಷ್ಟೇ ದೊಡ್ಡ ಗೌಡನಿರಲಿ, ಭತ್ತ ತೂರಬೇಕಾದರೆ ಗಾಳಿ ಬರುವ ತನಕ ಕಣದಲ್ಲಿ ಕೈಕಟ್ಟಿ ಕೂರಲೇಬೇಕಿತ್ತು. ಹಳಿಯಾಳದಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು, ಊರಿನ ತುದಿಗೆ, ಹಿಂದೆಂದೋ ಆಫ್ರಿಕಾದಿಂದ ಬಂದ ನಮ್ಮ ಸಿದ್ದಿಗಳ ಕೇರಿ. ಕ್ರಿಸ್‌ಮಸ್ಸಿಗೆ ಕರಿದ ಸಿಹಿ ನೇವರಿಯ ಡಬ್ಬಿಯ ತಳ ಕಾಣುವ ಹೊತ್ತಿಗೆ ಭತ್ತ ಕಣಕ್ಕೆ ಬಂದಿರುತ್ತಿತ್ತು. ಸಗಣಿ ಸಾರಿಸಿದ ಕಣ, ಹೊಸ ಹುಲ್ಲು, ಬಿಸಿಬಿಸಿ ಕುಟ್ಟಿದ ಅವಲಕ್ಕಿ, ಎಲ್ಲದರ ವಾಸನೆ ಕಲಸಿ ಮೂಗಿಗೆ ಬಂದರೆ ಸಾಕು, ಶಾಲೆಯ ನೆನಪೇ ನಮಗೆ ಇರುತ್ತಿರಲಿಲ್ಲ.

ಸಂಜೆ ಒಲೆಯ ಮುಂದೆ ಆಯಿ, ಅಂದರೆ ನನ್ನ ಅಜ್ಜಿ, ಕತೆ ಹೇಳುತ್ತಿದ್ದಳು. ಮನುಷ್ಯರು ಹುಟ್ಟುವ ಮುಂಚೆ ಈ ಗುಡ್ಡಗಳಲ್ಲಿ ನಾಲ್ಕು ಜನ ದೈತ್ಯರು ಇದ್ದರಂತೆ. ಬೆಂಕಿಯ ಕೆಂಡರಾಯ, ನೀರಿನ ಜಲವ್ವ, ಕಲ್ಲಿನ ಬಂಡೆಪ್ಪ, ಗಾಳಿಯ ಸುಂಯ್ಯ. ಅವರು ಮನಸ್ಸಿಗೆ ಬಂದಂತೆ ತಿರುಗಾಡಿ ಎಲ್ಲವನ್ನೂ ಹಾಳು ಮಾಡುತ್ತಿದ್ದರು. ಆಮೇಲೆ ಸಮುದ್ರ ದಾಟಿ ಗುಂಗುರು ಕೂದಲಿನ ಒಬ್ಬ ರಾಣಿ ಬಂದಳು. ಕೆಂಡರಾಯನನ್ನು ಒಲೆಯ ಮೂರು ಕಲ್ಲಿನ ನಡುವೆ ಕಟ್ಟಿದಳು. ಬಂಡೆಪ್ಪನನ್ನು ಗದ್ದೆಯ ಗಡಿಯಲ್ಲಿ ಕತ್ತಿನ ತನಕ ಹೂತಳು. ಜಲವ್ವನನ್ನು ಎರಡು ಗುಡ್ಡಗಳ ನಡುವೆ ಕೂಡಿ ಹಾಕಿದಳು. ಇದನ್ನು ನಾವು ಸುಳ್ಳು ಅನ್ನುವಂತೆಯೇ ಇರಲಿಲ್ಲ. ಆಗ ಸೂಪಾದಲ್ಲಿ ಕಾಳಿ ನದಿಗೆ ಅಣೆಕಟ್ಟು ಏಳುತ್ತಿತ್ತು, ಅಲ್ಲಿ ಕಲ್ಲು ಹೊತ್ತು ಬಂದ ಜುಜೆ ಮಾಮ ಎಲ್ಲವನ್ನೂ ಕಣ್ಣಾರೆ ನೋಡಿದ್ದ.

"ಸುಂಯ್ಯನ್ನ ಎಲ್ಲಿ ಕಟ್ಟಿದ್ಲು, ಆಯಿ?" ಎಂದು ಒಂದು ದಿನ ಕೇಳಿದೆ.

"ಅಂವನ್ನ ಕಟ್ಟಾಕ ಆಗಲಿಲ್ಲ ಲೂಸಿ. ರಾಣಿ ಕೈಯಾಗಿಂದ ಜಾರಿ ಓಡಿಹೋದ. ಇವತ್ತಿಗೂ ತಿರಗ್ಯಾಡ್ತಾನ."

ಅಷ್ಟು ಸಾಕಾಯಿತು. ರಾಣಿ ಬಿಟ್ಟುಹೋದ ಕೆಲಸವನ್ನು ಮುಗಿಸುವುದು ನನ್ನ ಪಾಲಿಗೇ ಉಳಿದಿದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನನಗೆ ಆಗ ಹತ್ತು ವರ್ಷ, ಕೂದಲೂ ಗುಂಗುರು. ಗೌಡರ ಮನೆಯ ಚನ್ನವ್ವ ನನ್ನ ಸೇನಾಪತಿ. ಅವಳ ಕೂದಲು ನೆಟ್ಟಗಿತ್ತು, ಹಾಗಾಗಿ ರಾಣಿಯ ಪಾತ್ರಕ್ಕೆ ಅವಳು ತಕರಾರು ತೆಗೆಯಲಿಲ್ಲ.

ಆ ವಾರ ಜುಜೆ ಮಾಮ ಮನೆಯ ಡಮಾಮಿಗೆ ಹೊಸ ಚರ್ಮ ಹಾಕುತ್ತಿದ್ದ. ಹಬ್ಬಕ್ಕೆ, ಮದುವೆಗೆ ನಮ್ಮ ಹೆಂಗಸರು ಕುಣಿಯುವಾಗ ಬಡಿಯುವ ಮರದ ಡೋಲು ಅದು. ಒಂದು ಬಾಯಿಗೆ ನೆನೆಸಿದ ಆಡಿನ ಚರ್ಮ ಬಿಗಿದಾಗಿತ್ತು, ಇನ್ನೊಂದು ಬಾಯಿ ತೆರೆದೇ ಇತ್ತು. ಮಾಮ ಚಹಾ ಕುಡಿಯಲು ಒಳಗೆ ಹೋದದ್ದೇ ತಡ, ನಾವಿಬ್ಬರೂ ಡಮಾಮಿ ಎತ್ತಿಕೊಂಡು ಹಿಂದಿನ ದಿನ್ನೆ ಹತ್ತಿದೆವು. ಮೇಲೆ ಗಾಳಿ ಭರ್ರೆಂದು ಬೀಸುತ್ತಿತ್ತು. ತೆರೆದ ಬಾಯಿಯನ್ನು ಗಾಳಿಗೆ ಹಿಡಿದಾಗ ಒಳಗಿನಿಂದ 'ಗುಂಯ್' ಎಂದು ದನಿ ಬಂತು.

"ಹೊಕ್ಕಾನ! ಬಾಯಿ ಮುಚ್ಚ!" ಎಂದು ಕಿರುಚಿದೆ. ಚನ್ನವ್ವ ಗೋಣಿಚೀಲ ಕವಿಚಿದಳು. ಬಿದ್ದೆವೋ ಎದ್ದೆವೋ ಎಂದು ಓಡಿ ಅಂಗಳಕ್ಕೆ ಬಂದೆವು.

"ಒಳಗ ಏನೈತಿ ಅದರಾಗ?" ಎಂದ ಮಾಮ.

"ಸುಂಯ್ಯ ಅದಾನ. ಜಲ್ದಿ ಕಟ್ಟ, ಮಾಮ!"

ಮಾಮನಂಥ ಮನುಷ್ಯ ಊರಿಗೆ ಒಬ್ಬನಾದರೂ ಇರಬೇಕು. ಮರುಮಾತಿಲ್ಲದೆ ಗೋಣಿಯ ಅಡಿಯಿಂದಲೇ ಚರ್ಮ ತೂರಿಸಿ, ಹಗ್ಗ ಎಳೆದು ಬಿಗಿದ. ಚರ್ಮ ಪೂರ್ತಿ ಒಣಗುವ ತನಕ ಯಾರೂ ಮುಟ್ಟುವಂತಿಲ್ಲ ಎಂದು ಹೇಳಿ ಅದನ್ನು ಅಟ್ಟಕ್ಕೆ ಹಾಕಿದ. ಆ ಸಂಜೆ ಊರಿನಲ್ಲಿ ಒಂದು ಎಲೆಯೂ ಅಲುಗಾಡಲಿಲ್ಲ. ನಾವು ಕೇರಿಯ ತುಂಬ ಎದೆ ಸೆಟೆಸಿಕೊಂಡು ತಿರುಗಿದೆವು.

ಮರುದಿನವೂ ಗಾಳಿ ಇಲ್ಲ. ಅದರ ಮರುದಿನವೂ ಇಲ್ಲ. ಅಪ್ಪ ಕಣದಲ್ಲಿ ಮೂರು ಕಾಲಿನ ಮೆಟ್ಟಿನ ಮೇಲೆ ಭತ್ತದ ಬುಟ್ಟಿ ಹಿಡಿದು ನಿಂತು, ಮರಗಳ ತುದಿ ನೋಡಿ ನೋಡಿ ಇಳಿದು ಬರುತ್ತಿದ್ದ. ಒಕ್ಕಿದ ಭತ್ತ ಹೊಟ್ಟಿನ ಸಮೇತ ಗುಡ್ಡೆ ಬಿದ್ದಿತ್ತು. ನಮ್ಮ ವರ್ಷದ ಅನ್ನವೆಲ್ಲ ಅದರಲ್ಲೇ. ಆಮೇಲೆ ದಾಂಡೇಲಿಯ ಕಡೆ ಆಕಾಶ ಕಪ್ಪಾಯಿತು. ಸುಗ್ಗಿಯಲ್ಲಿ ಮಳೆ! ನೆನೆದರೆ ಭತ್ತ ಕಣದಲ್ಲೇ ಮೊಳೆಯುತ್ತದೆ. ಅಪ್ಪ ಊಟ ಬಿಟ್ಟು ಕೂತದ್ದನ್ನು ನೋಡಿದವಳೇ ಆಯಿಯ ಸೆರಗು ಹಿಡಿದು ಎಲ್ಲ ಹೇಳಿಬಿಟ್ಟೆ.

ಆಯಿ ನಗಲಿಲ್ಲ. ಅಟ್ಟದ ಕಡೆ ನೋಡಿ, "ಕಟ್ಟಿದವರೇ ಬಿಚ್ಚಬೇಕು. ತಗೊಂಡ ಬಾ ಅದನ್ನ," ಎಂದಳು.

ಜುಜೆ ಮಾಮ ಓಡಿ ಬಂದ. "ಬ್ಯಾಡವ್ವಾ, ಹಸಿ ಚರ್ಮ ಬಡದ್ರ ಸಡಲಾಗಿ ಹೋಗ್ತೈತಿ. ನಾ ಮಾಡಿದ್ದೆಲ್ಲಾ ದಂಡ!"

"ಚರ್ಮ ಮತ್ತ ಹಾಕೂಣು. ಅಕ್ಕಿ ಎಲ್ಲಿಂದ ತರ್ತಿ?"

ಹೊಸ ಚರ್ಮ ಹಾಕಿದ ಡಮಾಮಿಗೆ ಮೊದಲ ಪೆಟ್ಟು ಮನೆಯ ಹಿರಿಯ ಹೆಂಗಸಿನದು. ಅದು ನಮ್ಮ ಮನೆಯ ರೂಢಿ. ಆಯಿ ಯಾರಿಗೂ ಅದನ್ನು ಬಿಟ್ಟುಕೊಟ್ಟವಳಲ್ಲ. ಅವತ್ತು ಕಣದ ನಡುವೆ ಡಮಾಮಿ ಇಟ್ಟು, ನನ್ನ ಕೈಯನ್ನೇ ಎಳೆದು ಚರ್ಮದ ಮೇಲೆ ಇಟ್ಟಳು. "ಬಡಿ. ರಾಣಿ ನೀನ ಅಲಾ?"

ಕೇರಿಯವರೆಲ್ಲ ನೆರೆದಿದ್ದರು. ಗೌಡರೂ ಪಂಜೆ ಎತ್ತಿ ಕಟ್ಟಿಕೊಂಡು ಬಂದು ನಿಂತಿದ್ದರು. ನಾನು ಬಡಿದೆ. 'ದಬ್' ಎಂದು ಸತ್ತ ದನಿ ಬಂತು. ಯಾರೋ ಕಿಸಕ್ಕೆಂದರು. ಇನ್ನೊಮ್ಮೆ ಬಡಿದೆ. ಏನೂ ಇಲ್ಲ. ನನಗೆ ಅಳು ಒತ್ತಿ ಬಂತು. ಆಗ ಆಯಿ ಚಪ್ಪಾಳೆ ಹಾಕುತ್ತ ಹಾಡು ಎತ್ತಿದಳು. ಅವ್ವ ಸೇರಿದಳು, ಆಮೇಲೆ ಕೇರಿಯ ಹೆಂಗಸರೆಲ್ಲ ಸೇರಿದರು. ನಾನು ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಬಡಿದೆ, ಅಂಗೈ ಉರಿಯುವ ತನಕ ಬಡಿದೆ. ಚರ್ಮ ಸಡಿಲಾಗುತ್ತಿರುವುದು ಕೈಗೆ ಗೊತ್ತಾಗುತ್ತಿತ್ತು. ಹಗ್ಗದ ಒಂದು ಬದಿ ಜಾರಿತು, ಚರ್ಮದ ಅಂಚು ಬಾಯಿಬಿಟ್ಟಿತು.

"ಲೂಸೀ, ಹುಲ್ಲು ನೋಡ!" ಎಂದು ಚನ್ನವ್ವ ಕೂಗಿದಳು.

ಕಣದ ಅಂಚಿನಲ್ಲಿ ಒಂದು ಹುಲ್ಲುಕಡ್ಡಿ ಹೊರಳಿತು. ಇನ್ನೊಂದು ಎದ್ದಿತು. ಮರಗಳು ಒಮ್ಮೆಲೇ ಹೋ ಎಂದವು. ಅಪ್ಪ ಒಂದೇ ನೆಗೆತಕ್ಕೆ ಮೆಟ್ಟು ಹತ್ತಿದ. "ಕೊಡ್ರೋ ಬುಟ್ಟಿ!" ಭತ್ತ ನೇರ ಕೆಳಗೆ ಬಿತ್ತು, ಹೊಟ್ಟು ಹಾರಿಹೋಗಿ ಗೌಡರ ತಲೆಯ ಮೇಲೆಲ್ಲ ಕೂತಿತು. ಅವರು ನಗುತ್ತ ತಾವೇ ಬುಟ್ಟಿ ತುಂಬಿ ಕೊಡತೊಡಗಿದರು. ಮಳೆಗೆ ಮುಂಚೆ ಇಂಥ ಗಾಳಿ ಏಳುವುದು ಸಹಜ ಎಂದು ಮುಂದೆ ಹೈಸ್ಕೂಲಿನಲ್ಲಿ ಮಾಸ್ತರರು ಹೇಳಿದರು. ಹೇಳಲಿ ಬಿಡಿ. ಅವರು ಅವತ್ತು ಕಣದಲ್ಲಿ ಇರಲಿಲ್ಲ.

ಅರ್ಧ ರಾಶಿ ಉಳಿದಿತ್ತು. ಅಪ್ಪ ಮೆಟ್ಟಿನ ಮೇಲಿಂದ ಬೆವರು ಒರೆಸಿಕೊಂಡು, ಇಡೀ ಊರಿಗೆ ಕೇಳುವಂತೆ ನನ್ನನ್ನು ಕರೆದ. "ಲೂಸಿ, ಇನ್ನೊಂದೀಟ ಹೊತ್ತು ಇರಾಕ ಹೇಳವ್ವಾ ಅದಕ್ಕ!"

"ಇರು!" ಎಂದು ನಾನು ಆಕಾಶಕ್ಕೆ ಕೂಗಿದೆ. ಅದು ಇತ್ತು. ಕೊನೆಯ ಬುಟ್ಟಿ ಮುಗಿದು, ಕೊನೆಯ ಚೀಲ ಒಳಗೆ ಸೇರುವ ತನಕ ಇತ್ತು. ಆಮೇಲೆ ಮಳೆ ಧೋ ಎಂದು ಸುರಿಯಿತು. ಜುಜೆ ಮಾಮ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಳೆಯಲ್ಲೇ ಕುಣಿದ. ಅಂಥ ಗೆಲುವು ನನಗೆ ಮತ್ತೆ ಸಿಗಲಿಲ್ಲ, ಸಿಕ್ಕವರನ್ನೂ ನಾನು ಕಂಡಿಲ್ಲ.

ಈಗ ನಮ್ಮ ಗದ್ದೆಗೆ ಯಂತ್ರ ಬರುತ್ತದೆ. ಕೊಯ್ದು, ಒಕ್ಕಿ, ತೂರಿ, ಚೀಲಕ್ಕೆ ತುಂಬಿ ಮಧ್ಯಾಹ್ನದೊಳಗೆ ಹೊರಟುಹೋಗುತ್ತದೆ. ಅದರ ಬಗ್ಗೆ ನನಗೆ ಸಿಟ್ಟಿಲ್ಲ, ಅಪ್ಪನ ಭುಜ ಸವೆದಂತೆ ಈಗ ಗದ್ದೆ ನೋಡಿಕೊಳ್ಳುವ ತಮ್ಮನದು ಸವೆಯಲಿಲ್ಲ. ಆದರೆ ಊರಿನ ಮಕ್ಕಳನ್ನು ಈಗ ಯಾರೂ ಏನನ್ನೂ ಬೇಡುವುದಿಲ್ಲ. ಮಾರ್ಕ್ಸ್ ಎಷ್ಟು ಬಂತು ಎಂದಷ್ಟೇ ಕೇಳುತ್ತಾರೆ. ಹೊಟ್ಟೆಯ ಅನ್ನವನ್ನು ಹತ್ತು ವರ್ಷದ ಹುಡುಗಿಯ ಮಾತಿಗೆ ಒಪ್ಪಿಸುವ ಧೈರ್ಯ ಅವತ್ತಿನ ಆ ಜನರಿಗೆ ಹೇಗೆ ಬಂತೋ.

ಅವತ್ತು ಇರು ಎಂದೆ, ಗಾಳಿ ಇತ್ತು. ಮುಂದೆ ಆಯಿಯ ಹಾಸಿಗೆಯ ಪಕ್ಕ ಕೂತು ಇರು ಎಂದೆ, ಅಪ್ಪನ ಕೈ ಹಿಡಿದು ಇರು ಎಂದೆ. ಅವರು ಇರಲಿಲ್ಲ.