ಹಾಲಿನ ಲಾರಿಯ ಎಲ್ವುಡ್ ಮತ್ತು ಮೆಟ್ಟಿಲೇರದ ನಾಯಿ

ಪ್ರಿಯರೇ, ಒಂದು ಗಳಿಗೆ ಕಿವಿಗೊಡಿರಿ. ಅರಸರ, ಶೂರರ ಚರಿತ್ರೆ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಒಂದು ಕೆರೆಯ ದಂಡೆಯಲ್ಲಿ ನೀರಿನ ನಲ್ಲಿಗಳನ್ನೂ ಕರೆಂಟಿನ ಕಂಬಗಳನ್ನೂ ಕಾಯುತ್ತಿದ್ದ ಎಲ್ವುಡ್ ಸ್ಕಾರ್ ಎಂಬವನ ಮಾತು.

ನಲವತ್ತು ವರ್ಷ ಎಲ್ವುಡ್ ಹಾಲಿನ ಟ್ಯಾಂಕರ್ ಲಾರಿ ಓಡಿಸಿದ. ನಸುಕಿನಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಹಾಲು ತುಂಬಿಸಿಕೊಳ್ಳುವುದು, ಪೈಪಿನ ಬಾಯಿ ತೊಳೆಯುವುದು, ಮತ್ತೊಮ್ಮೆ ತೊಳೆಯುವುದು, ಇಷ್ಟೇ ಅವನ ಬಾಳು. ಕೆಲಸ ಬಿಟ್ಟ ಮೇಲೆ ಹೆಂಡತಿ ಆರ್ಡಿತ್‌ಳೊಡನೆ ಆ ಕೆರೆಯ ಬಿಡಾರದ ಮೈದಾನಕ್ಕೆ ಕಾವಲುಗಾರನಾಗಿ ಬಂದ. ಮೇ ತಿಂಗಳಿಂದ ಎಲೆ ಉದುರುವವರೆಗೆ ಇಬ್ಬರೂ ಚಕ್ರದ ಮೇಲಿನ ತಮ್ಮ ಪುಟ್ಟ ಗಾಡಿಮನೆಯಲ್ಲೇ ಇರುವರು. ಜನ ಟ್ರಕ್ಕಿನ ಹಿಂದೆ ಇಂಥ ಮನೆಗಳನ್ನು ಎಳೆದುಕೊಂಡು ಬಂದು ವಾರವಿದ್ದು ಹೋಗುವರು.

ಹೊಸ ಗಾಡಿ ಬಂತೆಂದರೆ ಎಲ್ವುಡ್ ಅಲ್ಲಿ ಹಾಜರು. ಮೊದಲು ಗಾಡಿಗೆ ಕರೆಂಟು ಕೊಡುವ ಗಿಡ್ಡ ಕಂಬದ ಸ್ವಿಚ್ ಆರಿಸಿ, ಗಾಡಿಯ ಪ್ಲಗ್ಗನ್ನು ಕಣ್ಣಿಟ್ಟು ನೋಡಿ, ಕಂಬದ ಕರೆಂಟು ಸರಿಯಿದೆಯೇ ಎಂದು ಪರೀಕ್ಷಿಸಿ, ಆಮೇಲೆಯೇ ಪ್ಲಗ್ ಹಾಕಗೊಡುವನು. ಹಿಂದಿನವರು ಕಕ್ಕಸಿನ ಪೈಪನ್ನು ಅದೇ ನಲ್ಲಿಗೆ ಹಿಡಿದು ತೊಳೆದಿರಬಹುದೆಂದು ನಲ್ಲಿಯ ಬಾಯನ್ನು ಬ್ಲೀಚಿಂಗ್ ನೀರಿನ ಬಟ್ಟೆಯಿಂದ ಒರೆಸಿ, ಎರಡು ನಿಮಿಷ ನೀರು ಹರಿಯಬಿಡುವನು. ಕೆಲವರು ನಗುತ್ತಿದ್ದರು. ಅವನೂ ಜೊತೆಗೆ ನಕ್ಕು, ಒರೆಸುವುದನ್ನು ಮುಂದುವರಿಸುತ್ತಿದ್ದ.

ಒಂದು ಶುಕ್ರವಾರ ಸಂಜೆ ಎಲ್ವುಡ್ ಪೇಟೆಗೆ ಮೀನೂಟಕ್ಕೆ ಹೋಗಿದ್ದಾಗ ಅವನ ಪರಿಚಯದ ಲಾನಿ ಬ್ರಾಂಟ್ ಎಂಬವನು ಬಂದು, ತನ್ನ ಗಾಡಿಯನ್ನು ತಾನೇ ಜೋಡಿಸಿಕೊಂಡ. ಜೊತೆಗೆ ಎಪ್ಪತ್ತನಾಲ್ಕರ ತಾಯಿ ವೆರ್ಲಾ, ಪೆಪ್ಪರ್ ಎಂಬ ನಾಯಿ. ಮರುದಿನ ಬೆಳಗಿನ ಜಾವ ಮಳೆ ಹೊಯ್ದು ಹುಲ್ಲೆಲ್ಲ ತೊಯ್ದಿತ್ತು. ಎಲ್ವುಡ್ ಬಂದು ನೋಡಿದರೆ, ಕುಡಿಯುವ ನೀರಿಗೆ ತೋಟದ ಹಸಿರು ಪೈಪು ಸಿಕ್ಕಿಸಿದೆ.

"ಲಾನಿ, ಈ ಪೈಪ್ ನೀರು ಕುಡಿಯೋಕಲ್ಲ ಕಣಪ್ಪ. ನನ್ನ ಹತ್ರ ಬಿಳೀದಿದೆ, ತಗೋ. ಹಾಗೇ ನಿನ್ನ ಪ್ಲಗ್ಗೂ ಒಂದ್ಸಲ ನೋಡಿಬಿಡ್ಲಾ?"

"ಯಜಮಾನ್ರೇ, ನಾನು ನಾಲ್ಕು ಕೊಟ್ಟಿಗೆಗೆ ವೈರಿಂಗ್ ಮಾಡಿರೋನು. ಆ ಪ್ಲಗ್ಗೂ ನಾನೇ ಹಾಕಿದ್ದು. ನೀವು ಹಾಲಿನ ಕ್ಯಾನ್ ನೋಡ್ಕೊಳ್ಳಿ, ಕರೆಂಟು ನಂಗಿರ್ಲಿ," ಎಂದು ಲಾನಿ ನಕ್ಕ. ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡಿದ್ದ. ತಾಯಿಯ ಸ್ನಾನಕ್ಕೆಂದು ಆಗತಾನೆ ನೀರು ಕಾಯಿಸುವ ಹೀಟರಿನ ಸ್ವಿಚ್ ಹಾಕಿ ಹೊರಬಂದಿದ್ದ. "ನೋಡಿ ಈ ಮಹಾರಾಯ ಪೆಪ್ಪರನ್ನ! ಬೆಳಗಿಂದ ಐದು ಸಲ ಒಳಗೆ ಹೊರಗೆ ಓಡಾಡಿದೋನು, ಈಗ ಮೆಟ್ಟಿಲು ಹತ್ತೋಕೆ ನಾಟಕ ಮಾಡ್ತಿದಾನೆ."

ನಾಯಿ ಒದ್ದೆ ಹುಲ್ಲಿನ ಮೇಲೆ ನಿಂತು ಕಬ್ಬಿಣದ ಮೆಟ್ಟಿಲಿಗೆ ಮುಂಗಾಲಿಟ್ಟು, ಕುಂಯ್‌ಗುಟ್ಟಿ ಹಿಂದೆ ಸರಿಯಿತು. ಹಾಲಿನ ದಿನಗಳಲ್ಲಿ ಎಲ್ವುಡ್ ಒಂದು ಕೊಟ್ಟಿಗೆಯಲ್ಲಿ ಹೀಗೆಯೇ ಕಂಡಿದ್ದ: ಬಾಯಾರಿದ ಹಸುಗಳು ನೀರಿನ ತೊಟ್ಟಿಗೆ ಮೂತಿ ತಾಗಿಸಿದೊಡನೆ ಬೆಚ್ಚಿ ಹಿಂದಕ್ಕೆ ಹಾರುತ್ತಿದ್ದವು. ಯಜಮಾನ ಅವಕ್ಕೆ ಹುಚ್ಚೆಂದ. ತೊಟ್ಟಿಗೆ ಕರೆಂಟು ಸೋರುತ್ತಿತ್ತು.

ಅಷ್ಟರಲ್ಲಿ ವೆರ್ಲಾ ಕೆರೆಯಿಂದ ಬರುತ್ತಿದ್ದಳು. ಚಪ್ಪಲಿ ಕೈಯಲ್ಲಿ, ಪಾದ ಬರಿದು, ನೀರು ತೊಟ್ಟಿಕ್ಕುತ್ತಿದೆ. ಆಕೆ ಬಾಗಿಲ ಹಿಡಿಗೆ ಕೈಚಾಚಿದಳು.

"ಮುಟ್ಬೇಡಿ ವೆರ್ಲಾ! ಅಲ್ಲೇ ನಿಲ್ಲಿ!"

ಎಂದೂ ದನಿಯೇರಿಸದ ಮನುಷ್ಯನ ಆ ಕೂಗಿಗೆ ಆಕೆ ಕಲ್ಲಿನಂತೆ ನಿಂತಳು.

"ಅಯ್ಯೋ, ನಮ್ಮಮ್ಮನ್ನ ಯಾಕೆ ಹೆದರಿಸ್ತೀರಿ?" ಎಂದು ಲಾನಿ ರೇಗಿದ.

ಎಲ್ವುಡ್ ಜೇಬಿನಿಂದ ಪೆನ್ನಿನಂಥ ಟೆಸ್ಟರ್ ತೆಗೆದು ಗಾಡಿಯ ತಗಡಿನ ಸಮೀಪ ಹಿಡಿದ. ಅದು ಕೀಚು ಕೀಚೆಂದು ಕಿರುಚಿತು. ಹೀಟರ್ ಹಾಕಿದಂದಿನಿಂದ ಗಾಡಿಯ ಮೈಯೆಲ್ಲ ಕರೆಂಟು! ರಬ್ಬರ್ ಬೂಟಿನ ಲಾನಿಗೆ ಅದು ತಟ್ಟಿರಲಿಲ್ಲ. ಅವನು ಓಡಿಹೋಗಿ ಕಂಬದ ಸ್ವಿಚ್ ಆರಿಸಿದ. ಪೆನ್ನು ಮೂಕವಾಯಿತು.

ಪ್ಲಗ್ ಬಿಚ್ಚಿದಾಗ ಒಳಗೆ ಅರ್ಥಿಂಗಿನ ಹಸಿರು ತಂತಿಯನ್ನು ಕತ್ತರಿಸಿ, ಟೇಪು ಸುತ್ತಲಾಗಿತ್ತು. ಲಾನಿಯ ಮುಖ ಬಿಳಿಚಿತು.

"ಅದು ಗಿಡ್ಡ ಆಯ್ತು... ಅದಿಲ್ದೇನೂ ಲೈಟು ಉರೀತಿತ್ತಲ್ಲ, ಅದಕ್ಕೇ ಕತ್ತರಿಸ್ಬಿಟ್ಟೆ."

"ಉರಿಯುತ್ತೆ ಮಗಾ. ಅದರ ಕೆಲಸ ಉರಿಸೋದಲ್ಲ. ಹೀಟರ್ ಸೋರಿದ ದಿನ ನಿಮ್ಮಮ್ಮನ್ನ ಉಳಿಸೋದು."

ವೆರ್ಲಾ ಮಗನತ್ತ ತಿರುಗಿದಳು. "ನಾಲ್ಕು ಕೊಟ್ಟಿಗೆ ವೈರಿಂಗ್ ಮಾಡಿದ್ಯಲ್ಲೋ, ಆ ಹಸುಗಳು ಇನ್ನೂ ಬದುಕಿದಾವಾ?"

ಮೂವರಿಗೂ ನಗು ಬಂತು. ಲಾನಿಯ ಕಣ್ಣಲ್ಲಿ ನೀರೂ ಬಂತು. ಎಲ್ವುಡ್ ಒಂದು ಮಾತೂ ಚುಚ್ಚಲಿಲ್ಲ. ಇಬ್ಬರೂ ಹುಲ್ಲಿನ ಮೇಲೆ ಕುಳಿತು ಹೊಸ ಪ್ಲಗ್ ಹಾಕಿದರು, ಮೂರು ತಂತಿಯನ್ನೂ ಬಿಗಿದರು. ಕೆಟ್ಟ ಹೀಟರಿನ ತಂತಿಗಳನ್ನು ಬಿಚ್ಚಿಟ್ಟರು. ಸ್ವಿಚ್ ಹಾಕಿದ ಮೇಲೆ ಎಲ್ವುಡ್ ಬಾಗಿಲು, ಮೆಟ್ಟಿಲು, ತಗಡು ಎಲ್ಲದರ ಹತ್ತಿರ ಪೆನ್ನು ಹಿಡಿದ, ಅದು ಸುಮ್ಮನಿತ್ತು. ಆಗ ಪೆಪ್ಪರ್ ಮೆಟ್ಟಿಲು ಹತ್ತಿ, ಯಾರಿಗೂ ಕಾಯದೆ ಒಳಗೆ ನಡೆಯಿತು. ವೆರ್ಲಾ ಒಲೆಯ ಮೇಲೆ ನೀರಿಟ್ಟು ಸ್ನಾನ ಮಾಡಿ, ಎಲ್ಲರಿಗೂ ಬೆಣ್ಣೆ ಸವರಿದ ದೋಸೆಯಂಥ ಪ್ಯಾನ್‌ಕೇಕ್ ಬಡಿಸಿದಳು. ಎಲ್ವುಡ್ ತಲೆಬಾಗಿ, "ಕರ್ತನೇ, ಮೂಕಪ್ರಾಣಿಯ ಬಾಯಲ್ಲಿ ಎಚ್ಚರಿಸಿದೆ, ಸ್ತೋತ್ರ," ಎಂದು ಮೆಲ್ಲಗೆ ಹೇಳಿ ಉಣ್ಣತೊಡಗಿದನು.

ನನ್ನ ಪ್ರಿಯರೇ, ನಿಮ್ಮಲ್ಲಿ ಗಾಡಿಮನೆ ಇರಲಿಕ್ಕಿಲ್ಲ. ಗೀಸರುಂಟು, ಇಸ್ತ್ರಿಪೆಟ್ಟಿಗೆಯುಂಟು, ನೀರೆತ್ತುವ ಮೋಟಾರುಂಟು. ಇಂದೇ ಎದ್ದು ಅವುಗಳ ಪ್ಲಗ್ ನೋಡಿರಿ. ಅರ್ಥಿಂಗ್ ತಂತಿಯನ್ನು ಯಾರಾದರೂ ಕತ್ತರಿಸಿದ್ದರೆ ಬಲ್ಲವರನ್ನು ಕರೆದು ಜೋಡಿಸಿರಿ. ನೆರೆಯವನು ನಕ್ಕರೂ ಬೇಸರಿಸದೆ ಅವನ ಅಂಗಳದಲ್ಲಿ ನಿಂತು, "ಒಂದ್ಸಲ ನೋಡಿಬಿಡ್ಲಾ?" ಎಂದು ಕೇಳಿರಿ.