ಬೀಗದಣ್ಣನ ನಾಲ್ಕನೆಯ ಕೀಲಿ

ಟವೆಲು ಸುತ್ತಿಕೊಂಡು, ಬಿದ್ದಿದ್ದ ಪೇಪರು ಎತ್ತಿಕೊಳ್ಳಲು ಹೊಸ್ತಿಲು ದಾಟಿದ್ದೇ ತಪ್ಪಾಯಿತು. ಬೆನ್ನ ಹಿಂದೆ ಬಾಗಿಲು ಗಾಳಿಗೆ ಢಬ್ಬೆಂದು ಹಾಕಿಕೊಂಡಿತು. ಒಳಗೆ ಕನ್ನಡಕ, ಫೋನು, ಮಾನ, ಹೊರಗೆ ನಾನು. ಹೆಂಡತಿ ಅಕ್ಕನ ಮನೆಗೆ ಹೋಗಿದ್ದಳು. ಎದುರುಮನೆಯ ನಿವೃತ್ತ ಮೇಷ್ಟ್ರು ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ, ನನ್ನ ಹೊಟ್ಟೆಯನ್ನು ಸಾವಕಾಶವಾಗಿ ಅಧ್ಯಯನ ಮಾಡಿ, "ಹೊಸ ವ್ಯಾಯಾಮವಾ?" ಎಂದರು. ಕೊನೆಗೆ ಅವರ ಫೋನಿನಿಂದಲೇ ಬೀಗದಣ್ಣನನ್ನು ಕರೆಸಬೇಕಾಯಿತು.

ಬೀಗದಣ್ಣ ನಮ್ಮ ಬಡಾವಣೆಯ ಬೀಗ ರಿಪೇರಿಯವನು. ಮಗಳಿನ್ನೂ ಒಂಬತ್ತನೆಯ ಕ್ಲಾಸು, ಅಷ್ಟರಲ್ಲೇ ಊರಿಗೆಲ್ಲ ಬೀಗನಾಗಿದ್ದಾನೆ ಎಂದು ನಾವು ತಮಾಷೆ ಮಾಡುವುದುಂಟು. ಆತ ನಗುವುದಿಲ್ಲ. ಒಂದೇ ಜೋಕನ್ನು ನೂರು ಸಲ ಕೇಳಿದವನು ಯಾಕೆ ನಗಬೇಕು? ಬಂದವನೇ ಎರಡು ತಂತಿ ತೂರಿಸಿ, ಬಾಗಿಲಿಗೆ ಕಿವಿಯಿಟ್ಟು, ನಾನು ಹೊಟ್ಟೆ ಒಳಗೆಳೆದುಕೊಳ್ಳುವಷ್ಟರಲ್ಲಿ ತೆಗೆದುಬಿಟ್ಟ. ಆದರೆ ಹೊರಗೇ ನಿಂತ.

"ಒಳಗೆ ಬನ್ರೀ, ಟೀ ಕುಡಿಯೋಣ."

"ಮೊದಲು ನೀವು ಹೋಗಿ ಸಾರ್. ಮನೆಯವರಿಗಿಂತ ಮುಂಚೆ ನಾವು ಕಾಲಿಡಬಾರದು, ಕಸುಬಿನ ನಿಯಮ." ಹಾಗೆಂದವನು, ತನ್ನ ಮಾತು ತನಗೇ ಚುಚ್ಚಿತೆಂಬಂತೆ ಮುಖ ತಿರುಗಿಸಿದ.

ಅಂಗಿ ತೊಟ್ಟ ಮೇಲೆ ನನಗೆ ಉಪದೇಶ ಮಾಡುವ ಧೈರ್ಯ ಮರಳಿತು. ಎರಡು ವರ್ಷದ ಹಿಂದೆ ಸಾಲದ ಕಂತು ಕಟ್ಟಲಾಗದೆ ಆತನ ಮನೆಯನ್ನು ಬ್ಯಾಂಕು ಜಪ್ತಿ ಮಾಡಿದ್ದು ಎಲ್ಲರಿಗೂ ಗೊತ್ತಿತ್ತು. "ಬ್ಯಾಂಕಿನವರದೇ ತಪ್ಪು ಕಣ್ರೀ. ತೀರಿಸೋಕಾಗಲ್ಲ ಅಂತ ಗೊತ್ತಿದ್ದೂ ಕೊಟ್ಟರು," ಎಂದೆ.

"ನೀವು ಹಾಗಂತೀರಿ. ನನ್ನ ಹೆಂಡತಿ, ನಿಮ್ಮ ಬುದ್ಧಿ ಎಲ್ಲಿಗೆ ಹೋಗಿತ್ತು ಅಂತಾಳೆ. ನನ್ನನ್ನ ಕಾಡೋದು ಮಾತ್ರ ಒಂದೇ ಪದ."

"ಯಾವುದು?"

"ಸುಮಾರು."

ನಡೆದದ್ದಿಷ್ಟು. ಸಾಲದ ಆಫೀಸರು, ತಿಂಗಳಿಗೆ ಅರವತ್ತು ಸಾವಿರ ಬರುತ್ತಾ ಎಂದು ಕೇಳಿದ್ದರು. ಬೀಗದಣ್ಣ "ಸುಮಾರು" ಎಂದಿದ್ದ. ವ್ಯಾಪಾರ ಅಷ್ಟಕ್ಕಷ್ಟೇ ಎನ್ನುವ ಸುಮಾರು ಅದು. ಆಫೀಸರು ಅದನ್ನು ಹೆಚ್ಚೂಕಡಿಮೆ ಅರವತ್ತು ಎಂದು ಹಿಡಿದು, ಹೆಚ್ಚೂಕಡಿಮೆಯನ್ನು ಬಿಟ್ಟು ಅರವತ್ತನ್ನು ಮಾತ್ರ ಬರೆದುಕೊಂಡರು. ಬರುತ್ತಿದ್ದದ್ದು ಮೂವತ್ತು.

"ಮತ್ತೆ? ತಪ್ಪು ಅವರದೇ ಆಯ್ತಲ್ಲ!" ನಾನು ತೊಡೆ ತಟ್ಟಿದೆ.

"ಸಹಿ ಹಾಕೋವಾಗ ಓದಿದೆ ಸಾರ್. ಅರವತ್ತು ಅಂತಿತ್ತು. ತಲೆ ಎತ್ತಿದೆ. ಆಫೀಸರೂ ನನ್ನನ್ನೇ ನೋಡ್ತಿದ್ರು. ನನ್ನ ಅಂಗಡಿ ಮೂರಡಿ ಅಗಲ ಅಂತ ಅವರಿಗೂ ಗೊತ್ತು, ಬಂದು ನೋಡಿದ್ರಲ್ಲ. ಇಬ್ಬರೂ ಸುಮ್ಮನಿದ್ವಿ. ಆಮೇಲೆ ಪೆನ್ನಿನ ಮುಚ್ಚಳ ಅವರೇ ತೆಗೆದುಕೊಟ್ಟರು." ಟೀ ಲೋಟವನ್ನು ಕೆಳಗಿಟ್ಟ. "ಅಡುಗೆಮನೆಗೆ ದೊಡ್ಡ ಕಿಟಕಿ ಇತ್ತು. ಮನೆ ನೋಡೋಕೆ ಹೋದ ದಿನ ನನ್ನವಳು ಅದರ ಮುಂದೆ ನಿಂತುಬಿಟ್ಟಿದ್ದಳು."

ನಾನು ತೊಡೆಯ ಮೇಲಿನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.

ಜಪ್ತಿಯಾದ ಮನೆಗಳ ಬೀಗ ಬದಲಾಯಿಸಲು ಆ ಬ್ಯಾಂಕು ಕರೆಯುತ್ತಿದ್ದದ್ದು ಈತನನ್ನೇ. ಒಂದು ದಿನ ಬ್ಯಾಂಕಿನ ವಸೂಲಿಯವನು ಫೋನು ಮಾಡಿ ಓದಿಹೇಳಿದ ವಿಳಾಸ ಈತನದೇ ಆಗಿತ್ತು. ಬೇರೆಯವನು ಹೋದರೆ ಬಾಗಿಲು ಕೆರೆದುಹಾಕುತ್ತಾನೆ ಎಂದು ತಾನೇ ಹೋದ. ಬೀಗದ ಜೊತೆ ಬಂದ ಮೂರು ಕೀಲಿಯನ್ನೂ ಬ್ಯಾಂಕಿಗೆ ಒಪ್ಪಿಸಿದ.

"ನಾಲ್ಕನೇದು ನಾನೇ ಮಾಡ್ಕೊಂಡೆ," ಎಂದು ಜೇಬಿನಿಂದ ತೆಗೆದು ತೋರಿಸಿದ.

ಪ್ರತಿ ಭಾನುವಾರ ಮಧ್ಯಾಹ್ನ, ಕೆಲಸ ಇದೆ ಎಂದು ಹೆಂಡತಿಗೆ ಹೇಳಿ, ಆ ಖಾಲಿ ಮನೆಗೆ ಹೋಗುತ್ತಾನೆ. ಗುಡಿಸುತ್ತಾನೆ. ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತಾನೆ. "ಒಂದು ಸಲ ಪಕ್ಕದ ರೂಮಲ್ಲಿ ಯಾರೋ ಸುಮಾರು, ಸುಮಾರು ಅಂತಿದ್ದರು. ಹೋಗಿ ನೋಡಿದೆ. ಯಾರೂ ಇಲ್ಲ. ನನ್ನದೇ ದನಿ ಸಾರ್. ಬಾಯಿ ಮುಚ್ಚಿದ ಮೇಲೆ ನಿಂತಿತು."

ಅಷ್ಟರಲ್ಲಿ ಆತನ ಫೋನು ರಿಂಗಾಯಿತು. ವಸೂಲಿಯವನು. ಆ ಮನೆ ಮಾರಾಟವಾಗಿದೆ, ಕೊಂಡವರು ಬಂದು ಕಾಯುತ್ತಿದ್ದಾರೆ, ಹೊಸ ಬೀಗ ತಾ ಎಂದ.

ಬೀಗದಣ್ಣ ಎದ್ದವನು ಮತ್ತೆ ಕೂತ. "ಇನ್ನೊಂದು ಕೀ ಮಾಡೋಕೆ ಐದು ನಿಮಿಷ ಸಾಕು. ಮಾಡಿದ್ರೆ ಸಂಸಾರ ಇರೋ ಮನೆಗೆ ನುಗ್ಗೋ ಕಳ್ಳ ಆಗ್ತೀನಿ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ. ಜೊತೆಗೆ ಬರ್ತೀರಾ?"

ನನ್ನನ್ನು ಕಾವಲಿಗೆ ಕರೆದವರು ಇದುವರೆಗೆ ಯಾರೂ ಇರಲಿಲ್ಲ. ಹೋದೆ.

ಎರಡು ರೂಮಿನ ಮನೆ. ಒಲೆಯ ಹಿಂದಿನ ಗೋಡೆಯಲ್ಲಿ ಹಳೆಯ ಅಡುಗೆಯ ಮಸಿ ಇನ್ನೂ ಇತ್ತು. "ಎರಡು ವರ್ಷ ಖಾಲಿ ಇದ್ರೂ ಒಂಚೂರು ಧೂಳಿಲ್ಲ ನೋಡಿ ಮೇಡಂ!" ಎಂದು ವಸೂಲಿಯವನು ತಾನೇ ಕಟ್ಟಿಸಿದವನಂತೆ ಬೀಗುತ್ತಿದ್ದ. ಕೊಂಡವಳು ಒಬ್ಬ ನರ್ಸು. ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು. ಆ ಕಿಟಕಿಯ ಮುಂದೆಯೇ ನಿಂತಿದ್ದಳು.

ಬೀಗದಣ್ಣ ಹಳೆಯ ಬೀಗ ಬಿಚ್ಚಿದ, ಹೊಸದು ಕೂರಿಸಿದ. ಕೀಲಿಗಳ ಪೊಟ್ಟಣ ಒಡೆಯುವಾಗ ಬೆರಳು ತಡೆಯಿತು. ಪಕ್ಕದಲ್ಲೇ ಪೆಟ್ಟಿಗೆ ತೆರೆದಿತ್ತು. ಒಳಗೆ ಉಜ್ಜುವ ಅರ, ಹಲ್ಲು ಕೊರೆಯದ ಕೀಲಿಗಳು. ನಾನು ಕೆಮ್ಮಬೇಕೆಂದುಕೊಂಡೆ, ಬೇಕಾದಾಗ ಕೆಮ್ಮು ಬರುವುದಿಲ್ಲ. ಆತ ಕಾಲಿನಿಂದಲೇ ಪೆಟ್ಟಿಗೆಯ ಮುಚ್ಚಳ ಹಾಕಿದ. "ಮೂರು. ಎಣಿಸ್ಕೊಳ್ಳಿ ತಾಯಿ," ಎಂದು ಅವಳ ಕೈಗೆ ಸುರಿದ. ಜೇಬಿನಲ್ಲಿದ್ದದ್ದನ್ನು ಹಳೆಯ ಬೀಗದ ಜೊತೆ ವಸೂಲಿಯವನಿಗೆ ಕೊಟ್ಟ.

"ಇದೆಲ್ಲಿಂದ ಬಂತು?"

"ಹೆಚ್ಚಾಗಿತ್ತು."

ಆಮೇಲೆ ನರ್ಸಿನ ಕಡೆ ತಿರುಗಿ, ಕೇಳಬಾರದ್ದನ್ನು ಕೇಳುವವನಂತೆ ಕೇಳಿದ: "ಸಾಲದ ಅರ್ಜೀಲಿ ಸಂಬಳ ಎಷ್ಟು ಬರೆದಿದ್ದಾರೆ, ನೋಡಿದ್ರಾ?"

"ಅವರೇ ತುಂಬ್ಕೊಂಡ್ರು ಅಣ್ಣಾ. ಓವರ್‌ಟೈಮೂ ಸೇರಿಸಿದ್ರು."

"ಓವರ್‌ಟೈಮು ಎಲ್ಲಾ ತಿಂಗಳೂ ಸಿಗುತ್ತಾ?"

ವಸೂಲಿಯವನಿಗೆ ತಟ್ಟನೆ ತನ್ನ ಫೋನಿನಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡಿತು. ನರ್ಸು ಕೀಲಿಗಳನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು. "ಇಲ್ಲ," ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಓದಿದೆ ಅಣ್ಣಾ. ಓದೇ ಸಹಿ ಹಾಕಿದೆ."

ಪಕ್ಕದ ರೂಮಿನ ಕಡೆ ಕಿವಿಗೊಟ್ಟವನು ನಾನೊಬ್ಬನೇ ಅಲ್ಲ ಎನಿಸಿತು.

ಅವಳೇ ಮಾತು ಬದಲಾಯಿಸಿದಳು. "ಪಕ್ಕದ ಮನೆ ಆಂಟಿ ಹೆದರಿಸ್ತಿದ್ರು. ಭಾನುವಾರ ಮಧ್ಯಾಹ್ನ ಒಳಗೆ ಯಾರೋ ಗುಡಿಸೋ ಸದ್ದು ಬರುತ್ತಂತೆ. ಹೌದಾ ಅಣ್ಣಾ, ಇಲ್ಲಿ ದೆವ್ವ ಇತ್ತಾ?"

ಬೀಗದಣ್ಣ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡ.

"ಇತ್ತಮ್ಮಾ. ಕಂತು ಕಟ್ಟೋಕಾಗದೆ ಖಾಲಿ ಮಾಡ್ತು."