ಹೊಸದಾಗಿ ಬಂದ ಮೊದಲನೇ ಆಟ

ಎಂಬತ್ತರ ದಶಕದ ಕೊನೆಯಲ್ಲಿ ಹೊಸೂರು ಬಸ್ ನಿಲ್ದಾಣದ ಹಿಂದೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ ಸೊಣ್ಣಪ್ಪನಿಗೆ ಇದ್ದದ್ದು ಒಂದೇ ಹಟ. ಗುಂಡು ಹಾರಿಸುವ ವಿಮಾನದಾಟದ ಎರಡನೇ ಭಾಗ ಬಂತು, ಮೂರನೇದೂ ಬಂತು. ಪಾಳಿ ಮುಗಿಸಿ ಬಂದ ಕಾರ್ಖಾನೆಯವರೆಲ್ಲ ಅವಕ್ಕೇ ಮುಗಿಬಿದ್ದರು. ಅವನು ಮಾತ್ರ ಕಪ್ಪುಬಿಳುಪಿನ ಮೊದಲನೇ ಆಟದ ಪೆಟ್ಟಿಗೆಗೆ ದಿನಾ ಊದುಬತ್ತಿ ಹಚ್ಚಿ, ತಾನೇ ಆಡಿ, ತಾನೇ ಗೆದ್ದು, "ಇದನ್ನ ಬಣ್ಣದಾಗೆ ಹೊಸದಾಗಿ ಮಾಡ್ಬೇಕು ಕಣ್ಲಾ, ಆಗ ನೋಡು!" ಎನ್ನುವನು. "ಹಳೇದನ್ನ ಬುಟ್ಬುಡಣ್ಣ" ಎಂದವರ ಜೊತೆ ವಾರಗಟ್ಟಲೆ ಮಾತಿಲ್ಲ. ಕೊನೆಗೊಂದು ದಿನ ರಿಪೇರಿಯ ಆರ್ಮುಗಂ ಬೆಂಗಳೂರಿನಿಂದ ಅದೇ ಆಟವನ್ನು ಬಣ್ಣದಲ್ಲಿ ತಂದು ಕೂರಿಸಿದ. ಸೊಣ್ಣಪ್ಪ ಕೈಮುಗಿದು ಆಟದ ಹಿಡಿಕೆ ಹಿಡಿದ. ವಿಮಾನ ಸುಟ್ಟುಹೋಯಿತು, ಮತ್ತೆ ಆಡಿದ, ಮತ್ತೆ ಸುಟ್ಟುಹೋಯಿತು. "ಗುಂಡು ಎದುರ್ಗೇ ಬತ್ತಾ ಅದಲ್ಲಣ್ಣ, ಕಾಣಾಕಿಲ್ವಾ?" ಎಂದ ಆರ್ಮುಗಂ. ಸೊಣ್ಣಪ್ಪ ಹಿಡಿಕೆ ಬಿಟ್ಟ. "ಕಣ್ಣು ಮಂಜಾಗಿ ಬೋ ದಿನ ಆಯ್ತು ಕಣ್ಲಾ. ಸದ್ದು ಕೇಳ್ಕಂಡೇ ಆಡ್ತಿದ್ದೆ. ಬಣ್ಣ ಬಂದ್ರೆ ಕಂಡಾತು ಅಂದ್ಕಂಡಿದ್ದೆ. ಬಣ್ಣಾನೂ ಕಾಣಾಕಿಲ್ಲ, ಸದ್ದೂ ಬೇರೆ ಮಾಡ್ಬುಟ್ಟವ್ರೆ. ಹಳೇದ್ನೇ ಹಾಕ್ಬುಡು." ಆರ್ಮುಗಂ ತಲೆ ತಗ್ಗಿಸಿದ. "ಅದ್ನ ಬಿಚ್ಚಿ, ಅದ್ರ ಸಾಮಾನೇ ಇದಕ್ಕೆ ಹಾಕಿವ್ನಿ, ಅಣ್ಣ." ಹಿಂದೆ ನಿಂತಿದ್ದವರು ಆಗಲೇ ನಾನು ತಾನೆಂದು ಹಿಡಿಕೆಗೆ ಕೈಚಾಚಿದ್ದರು. ಸೊಣ್ಣಪ್ಪ ಗೋಡೆ ತಡವಿಕೊಂಡು ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟ.